ಗಂಜಿ, ಬೆಲ್ಲ, ಬೊಜ್ಜು: ಕೆಲವು ನಂಬಿಕೆಗಳು

ಬೈಂದೂರು ಕಡೆಯಲ್ಲಿ ನಾಲ್ಕು ಮಂದಿ ಹಿರಿಯರು ಒಂದೆಡೆ ಸೇರಿದರೆ ಹಿಂದೆ ಮಳೆಯ ಮಾತು, ಮೀನಿನ ಕ್ರಯದ ಮಾತು, ನಿನ್ನೆ ರಾತ್ರಿಯ ಆಟದ ಮಾತು ಬರುತ್ತಿದ್ದುವು. ಈಗಲೂ ಬರುತ್ತವೆ, ಆದರೆ ಅವುಗಳ ನಡುವೆ ಇನ್ನೊಂದು ಪ್ರಶ್ನೆಯೂ ತಪ್ಪದೆ ತಲೆಹಾಕುತ್ತದೆ: "ನಿಮ್ಮ ಶುಗರ್ ಎಷ್ಟುಂಟು?" ಪ್ರಶ್ನೆಯ ಬೆನ್ನಿಗೇ ಉಪದೇಶ. ಅನ್ನ ಬಿಟ್ಟು ಚಪಾತಿ ತಿನ್ನಿ ಎಂದು ಒಬ್ಬರು ಹೇಳುತ್ತಾರೆ. ಸಕ್ಕರೆ ವಿಷ, ಓಲೆಬೆಲ್ಲ ಹಾಕಿಕೊಂಡರೆ ಏನೂ ಆಗುವುದಿಲ್ಲ ಎಂದು ಇನ್ನೊಬ್ಬರು. ಅಂಗಳದ ಇನ್ಸುಲಿನ್ ಗಿಡದ ಎರಡು ಎಲೆ ಅಗಿದರೆ ಸಾಕು ಎಂದು ಮೂರನೆಯವರು. ಆ ಮಾತ್ರೆಗಳನ್ನು ತಿನ್ನುತ್ತ ಹೋದರೆ ಕಿಡ್ನಿ ಕೆಡುತ್ತದೆ, ಮೊದಲು ಅದನ್ನು ನಿಲ್ಲಿಸಿ ಎಂದು ನಾಲ್ಕನೆಯವರು.

ಈ ನಾಲ್ವರೂ ಹಿತೈಷಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊನೆಯ ಮಾತನ್ನು ಕೇಳಿ ನಡೆದವರು ಕಣ್ಣನ್ನೋ ಕಾಲನ್ನೋ ಕಳೆದುಕೊಳ್ಳಬಹುದು. ಆದುದರಿಂದ ಇಂಥ ನಂಬಿಕೆಗಳನ್ನು ಒಂದೊಂದಾಗಿ ಎತ್ತಿಕೊಂಡು, ಅವುಗಳಲ್ಲಿ ನಿಜವೆಷ್ಟು, ಭ್ರಮೆಯೆಷ್ಟು ಎಂದು ನೋಡುವುದು ಅಗತ್ಯ. ಇದು ಊರಿನ ಹತ್ತು ಮನೆಗಳ ವಿಷಯವೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದಾದ್ಯಂತ ನಡೆಸಿದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಭಾರತದಲ್ಲಿ 10 ಕೋಟಿಗೂ ಮಿಕ್ಕಿದ ಜನರಿಗೆ ಮಧುಮೇಹವುಂಟು. ಇನ್ನು 13 ಕೋಟಿಗೂ ಮಿಕ್ಕಿದವರು ಅದರ ಹೊಸ್ತಿಲಲ್ಲಿ ನಿಂತಿದ್ದಾರೆ.

ಮೊದಲು ರೋಗದ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಅನ್ನ, ದೋಸೆ, ರೊಟ್ಟಿ, ಅವಲಕ್ಕಿ, ಗೆಣಸು ಇವೆಲ್ಲದರ ಮುಖ್ಯಾಂಶ ಪಿಷ್ಟ. ಪಿಷ್ಟವೆಂದರೆ ಗ್ಲೂಕೋಸ್ ಎಂಬ ಸಕ್ಕರೆಯ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಕರುಳಿನಲ್ಲಿ ಆ ಸರ ಕಡಿದು, ಮಣಿಗಳು ಬಿಡಿಬಿಡಿಯಾಗಿ ರಕ್ತವನ್ನು ಸೇರುತ್ತವೆ. ಆಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಸುರಿಸುತ್ತದೆ. ಗ್ಲೂಕೋಸನ್ನು ಮಾಂಸಖಂಡಗಳ ಒಳಗೆ ಬಿಡಿಸಿಕೊಡುವುದು, ಯಕೃತ್ತು ತನ್ನ ಉಗ್ರಾಣದ ಸಕ್ಕರೆಯನ್ನು ಹೊರಗೆ ಬಿಡದಂತೆ ತಡೆಯುವುದು, ಇವು ಅದರ ಕೆಲಸ. ಕೆಲವರಲ್ಲಿ, ಹೆಚ್ಚಾಗಿ ಎಳೆಯರಲ್ಲಿ, ಈ ರಸವೇ ಬತ್ತಿಹೋಗುತ್ತದೆ; ಇದು ಒಂದನೆಯ ಬಗೆ. ಬಹುಮಂದಿಯಲ್ಲಿ ರಸವಿದ್ದರೂ ಯಕೃತ್ತಿನಲ್ಲಿ, ಮಾಂಸಖಂಡಗಳಲ್ಲಿ ಕೊಬ್ಬು ಸೇರಿಕೊಂಡು ಅದರ ಮಾತು ನಡೆಯದಂತಾಗುತ್ತದೆ; ಬರಬರುತ್ತ ಗ್ರಂಥಿಯೂ ದಣಿಯುತ್ತದೆ. ಇದು ಎರಡನೆಯ ಬಗೆ. ಹುಟ್ಟಿನೊಡನೆ ಬರುವುದೊಂದು, ಅಪಥ್ಯದಿಂದ ಬರುವುದೊಂದು ಎಂದು ಸುಶ್ರುತಸಂಹಿತೆಯೂ ಎರಡು ಬಗೆಗಳನ್ನು ಗುರುತಿಸಿತ್ತು. ಎರಡನೆಯದಕ್ಕೆ ನಡಿಗೆ ಮೊದಲಾದ ಶ್ರಮವನ್ನು ವಿಧಿಸಿತ್ತು ಎಂಬುದು ಗಮನಾರ್ಹ.

ಹಾಗಾದರೆ ನಮ್ಮ ಅಜ್ಜಂದಿರೂ ಮೂರು ಹೊತ್ತು ಅನ್ನವನ್ನೇ ಉಂಡರಲ್ಲ, ಅವರಿಗೆ ಈ ರೋಗ ಇಷ್ಟೊಂದು ಏಕಿರಲಿಲ್ಲ? ಎಲ್ಲರೂ ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೂ ಹೌದು. ಉತ್ತರಕ್ಕಾಗಿ ಬಟ್ಟಲನ್ನು ಮಾತ್ರ ನೋಡಿದರೆ ಸಾಲದು, ಉಂಡವರ ದಿನಚರಿಯನ್ನೂ ನೋಡಬೇಕು. ಮರವಂತೆ, ನಾವುಂದ, ಉಪ್ಪುಂದಗಳ ಕಡಲ ಕರೆಯಲ್ಲಿ ರಂಪಣಿ ಬಲೆಯನ್ನು ದಡಕ್ಕೆ ಎಳೆಯಲು ಹತ್ತಾರು ಜನರ ರಟ್ಟೆ ಬೇಕಾಗಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆ ಹಬ್ಬಿದ ಮೇಲೆ ರಂಪಣಿ ಹಿಂದೆ ಸರಿಯಿತು. ಮೀನಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಹೆಂಗಸರು ಹಳ್ಳಿಯಿಂದ ಹಳ್ಳಿಗೆ ನಡೆಯುತ್ತಿದ್ದರು. ಗದ್ದೆಯ ಉಳುಮೆ, ನೇಜಿ, ಕೊಯ್ಲು, ಬತ್ತ ಕುಟ್ಟುವುದು ಎಲ್ಲವೂ ಮೈಮುರಿಯುವ ಕೆಲಸಗಳೇ. ಈಗ ಗದ್ದೆಗೆ ಟಿಲ್ಲರು, ಕೊಯ್ಲಿಗೆ ಯಂತ್ರ, ಅಕ್ಕಿಗೆ ಮಿಲ್ಲು, ಪೇಟೆಗೆ ಹೋಗಲು ಸ್ಕೂಟರು. ಹೋಟೆಲು, ಬೇಕರಿಗಳನ್ನು ನಂಬಿ ಬೆಂಗಳೂರು, ಮುಂಬಯಿಗಳಿಗೆ ಹೋದ ಮಕ್ಕಳು ಗಲ್ಲಾಪೆಟ್ಟಿಗೆಯ ಮುಂದೆ ದಿನವಿಡೀ ಕೂರುತ್ತಾರೆ. ದುಡಿಮೆ ಕಾಲುಪಾಲಿಗೆ ಇಳಿಯಿತು. ಅನ್ನದ ರಾಶಿ ಮಾತ್ರ ಅಜ್ಜನ ಕಾಲದ್ದೇ ಉಳಿಯಿತು. ಮೇಲೆ ಸಂಜೆಯ ಗೋಳಿಬಜೆ, ಬಿಸ್ಕೀಟು, ಬಾಟಲಿಯ ಪಾನೀಯ ಹೊಸದಾಗಿ ಸೇರಿಕೊಂಡವು.

"ನಾನು ದಪ್ಪವಿಲ್ಲ, ನನಗೇಕೆ ಬರುತ್ತದೆ?" ಎಂದು ಧೈರ್ಯವಾಗಿರುವವರೂ ಉಂಟು. ನಮ್ಮ ದೇಶದವರ ಮಟ್ಟಿಗೆ ಈ ಧೈರ್ಯ ಸಲ್ಲದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕವನ್ನು ದಾಖಲೆಯಲ್ಲಿ ಬರೆದಿಟ್ಟಿದ್ದರು. ಆ ಶಿಶುಗಳು ನಡುವಯಸ್ಸು ದಾಟಿದ ಮೇಲೆ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. 1990ರ ದಶಕದ ಕೊನೆಯಲ್ಲಿ ಅಲ್ಲಿ ಹುಟ್ಟಿದ ಮಕ್ಕಳನ್ನೂ ವರ್ಷವರ್ಷ ಅಳೆಯುತ್ತ ಬಂದರು. ಅಲ್ಲಿ ಕಂಡುಬಂದ ಸಂಗತಿ ವಿಚಾರಯೋಗ್ಯ. ಇಂಗ್ಲೆಂಡಿನ ಶಿಶುಗಳಿಗಿಂತ ನಮ್ಮ ಶಿಶುಗಳು ಚಿಕ್ಕವು, ಮಾಂಸಖಂಡ ಕಡಿಮೆ. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅದಕ್ಕೆ ತಕ್ಕಂತೆ ಕಡಿಮೆಯಿರಲಿಲ್ಲ. ಅಂದರೆ ಹೊರಗೆ ಸಣಕಲು, ಒಳಗೆ ಕೊಬ್ಬು. ಈ ಕಾರಣದಿಂದಲೇ ತಕ್ಕಡಿಗಿಂತ ಅಳತೆಪಟ್ಟಿ ನಮಗೆ ಹೆಚ್ಚು ನಿಜ ಹೇಳುತ್ತದೆ. ಹೊಕ್ಕುಳ ಮಟ್ಟದಲ್ಲಿ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರಗೊಳ್ಳಬೇಕೆಂದು ಭಾರತೀಯ ವೈದ್ಯರು ಗೊತ್ತುಮಾಡಿದ್ದಾರೆ.

ಈಗ ನಂಬಿಕೆಗಳಿಗೆ ಬರೋಣ. ಮೊದಲನೆಯದು ಅನ್ನಕ್ಕೂ ಚಪಾತಿಗೂ ಇರುವ ವ್ಯಾಜ್ಯ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಶಕ್ತಿಯಿದ್ದರೆ, ಅಷ್ಟೇ ಗೋಧಿಹಿಟ್ಟಿನಲ್ಲಿ 320ರಿಂದ 340. ದೊಡ್ಡ ಅಂತರವೇನೂ ಇಲ್ಲ. ಗೋಧಿಯಲ್ಲಿ ನಾರಿನ ಅಂಶ, ಸಸಾರಜನಕ ತುಸು ಹೆಚ್ಚೆಂಬುದು ನಿಜ. ಹಾಗಿದ್ದರೂ ಚಪಾತಿಗೆ ಬದಲಾಯಿಸಿದ ಕೆಲವರ ಸಕ್ಕರೆ ಇಳಿಯುವುದನ್ನು ನಾವು ಕಾಣುತ್ತೇವಲ್ಲ? ಅದರ ಗುಟ್ಟು ಗೋಧಿಯಲ್ಲಿಲ್ಲ, ಎಣಿಕೆಯಲ್ಲಿದೆ. ಚಪಾತಿಯನ್ನು ನಾವು ಎಣಿಸಿ ತಿನ್ನುತ್ತೇವೆ, ಅನ್ನವನ್ನು ಎಣಿಸುವವರಿಲ್ಲ. ಎರಡು ಚಪಾತಿಗೆ 60 ಗ್ರಾಂ ಹಿಟ್ಟು ಹಿಡಿದರೆ 200 ಕ್ಯಾಲೊರಿ. ಸಾರಿಗೊಮ್ಮೆ, ಪಲ್ಯಕ್ಕೊಮ್ಮೆ, ಮಜ್ಜಿಗೆಗೊಮ್ಮೆ ಬಡಿಸಿಕೊಂಡ ಅನ್ನಕ್ಕೆ 150 ಗ್ರಾಂ ಅಕ್ಕಿ ಹೋದರೆ 500 ದಾಟಿತು. ಅದೇ ವ್ಯಕ್ತಿ ಎಣ್ಣೆ ಸವರಿದ ಆರು ಚಪಾತಿ ತಿಂದನೆನ್ನಿ, ಲಾಭವೆಲ್ಲ ಅಲ್ಲಿಗೆ ಮುಗಿಯಿತು. ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಭಾರತೀಯರ ಆಹಾರವನ್ನು ಪರಿಶೀಲಿಸಿ 2025ರಲ್ಲಿ ಪ್ರಕಟವಾದ ವರದಿಯೂ ಇದನ್ನೇ ಹೇಳಿತು: ನಮ್ಮ ಆಹಾರದ ಶಕ್ತಿಯಲ್ಲಿ ನೂರಕ್ಕೆ 62 ಪಾಲು ಪಿಷ್ಟ ಮತ್ತು ಸಕ್ಕರೆಗಳಿಂದಲೇ ಬರುತ್ತದೆ, ಅದರ ಮೊತ್ತವನ್ನು ಇಳಿಸದೆ ಅಕ್ಕಿಯ ಬದಲು ಗೋಧಿಹಿಟ್ಟು, ಸಿರಿಧಾನ್ಯದ ಹಿಟ್ಟುಗಳಿಗೆ ತಿರುಗಿದ ಮಾತ್ರಕ್ಕೆ ಅಪಾಯ ಕಡಿಮೆಯಾಗುವುದು ಕಂಡುಬರಲಿಲ್ಲ. ಆ ಪಾಲಿನ ಸ್ವಲ್ಪ ಭಾಗ ಬೇಳೆಕಾಳು, ಹಾಲು ಮಜ್ಜಿಗೆಗಳ ಸಸಾರಜನಕಕ್ಕೆ ಹೋದಲ್ಲಿ ಅಪಾಯ ಕಡಿಮೆಯಿತ್ತು.

ನಮ್ಮ ಕುಚ್ಚಲಕ್ಕಿಯ ಮೇಲೂ ಅತಿಯಾದ ಭರವಸೆ ಇಡುವವರುಂಟು. ಕುಚ್ಚಲಕ್ಕಿ ಒಳ್ಳೆಯದು, ಸಂಶಯವಿಲ್ಲ. ಬತ್ತವನ್ನು ನೆನೆಸಿ ಬೇಯಿಸುವಾಗ ಹೊರಪದರದ ಬಿ ಜೀವಸತ್ತ್ವಗಳು ಕಾಳಿನ ಒಳಕ್ಕಿಳಿಯುತ್ತವೆ. ತೌಡು ಪೂರ್ತಿ ಹೋಗದ ಕೆಂಪಕ್ಕಿಯಲ್ಲಿ ನಾರೂ ಉಳಿಯುತ್ತದೆ. ರಕ್ತಕ್ಕೆ ಸಕ್ಕರೆ ಏರುವ ವೇಗವೂ ಪಾಲಿಷ್ ಮಾಡಿದ ಬೆಳ್ತಿಗೆ ಅಕ್ಕಿಗಿಂತ ತುಸು ನಿಧಾನ. ಆದರೆ ನಿಧಾನವಾಗಿ ಬರುವ ನೆರೆಯೂ ನೆರೆಯೇ. ಇನ್ನು ಅನ್ನವನ್ನು ಬಸಿದರೆ ಸಕ್ಕರೆಯೆಲ್ಲ ತಿಳಿಯಲ್ಲಿ ಹೋಗುತ್ತದೆಂಬ ಮಾತು. ತಿಳಿಯೊಡನೆ ಸ್ವಲ್ಪ ಪಿಷ್ಟ ಹೋಗುತ್ತದೆ, ಅಷ್ಟೆ. ಅಗುಳು ಪಿಷ್ಟದಿಂದಲೇ ಆದದ್ದು. ಅದನ್ನು ಬಸಿದು ಬರಿದುಮಾಡಲಾಗದು. ಬಸಿದ ತಿಳಿಗೆ ಉಪ್ಪು ಹಾಕಿ ಕುಡಿದವರಿಗಂತೂ ಹೋದದ್ದು ಮರಳಿ ಬಂತು. ಹಿಂದಿನ ದಿನದ ತಂಗಳನ್ನದಲ್ಲಿ ಜೀರ್ಣವಾಗದ ಪಿಷ್ಟ ಒಂದಿಷ್ಟು ಹೆಚ್ಚಾಗುತ್ತದೆಂಬುದು ನಿಜವಾದರೂ ಎರಡು ಸೌಟು ಹೆಚ್ಚು ಬಡಿಸಿಕೊಳ್ಳಲು ಅದು ರಹದಾರಿಯಲ್ಲ.

ಎರಡನೆಯದು ಬೆಲ್ಲದ ಮಾತು. ಬೆಲ್ಲ ಕಬ್ಬಿನದಿರಲಿ, ಗರಿಯಲ್ಲಿ ಸುತ್ತಿ ಬರುವ ಓಲೆಬೆಲ್ಲವಿರಲಿ, ಅದರ ಮುಕ್ಕಾಲು ಪಾಲಿಗೂ ಮಿಕ್ಕಿದ್ದು ಸಕ್ಕರೆಯೇ. ಜೇನು ಕೂಡ ಹಾಗೆಯೇ. ಐದರಲ್ಲೊಂದು ಪಾಲು ನೀರು, ಉಳಿದುದು ಬಹುಮಟ್ಟಿಗೆ ಸಕ್ಕರೆ. ಬೆಲ್ಲದಲ್ಲಿ ಖನಿಜಾಂಶ ಒಂದಿಷ್ಟಿದೆ. ಆದರೆ ಚಹಾಕ್ಕೆ ಹಾಕುವ ಒಂದು ಚಮಚದಲ್ಲಿ ಅದೆಷ್ಟು ಬಂದೀತು? ನಾಲಗೆಗೆ ರುಚಿ ಬೇರೆ, ಬಣ್ಣ ಬೇರೆ. ಯಕೃತ್ತಿಗೆ ಮಾತ್ರ ಎರಡೂ ಒಂದೇ. ಹಬ್ಬಕ್ಕೆ ಅರ್ಧ ಲೋಟ ಪಾಯಸ ಉಂಡು ಅಂದು ಅನ್ನವನ್ನು ಅಷ್ಟಕ್ಕಷ್ಟು ಇಳಿಸುವವನು ಜಾಣ. ಬೆಲ್ಲದ ಪಾಯಸ ತಾನೆ ಎಂದು ಮೂರು ಸಲ ಹಾಕಿಸಿಕೊಳ್ಳುವವನು ತನ್ನನ್ನೇ ವಂಚಿಸಿಕೊಳ್ಳುತ್ತಾನೆ. ಸಕ್ಕರೆಯಿಲ್ಲದ ಚಹಾ ಕುಡಿದು, ಅದರೊಡನೆ ಆರು ಬಿಸ್ಕೀಟು ತಿನ್ನುವವರ ಕತೆಯೂ ಇದೇ. ಹಣ್ಣನ್ನು ಪೂರ್ಣವಾಗಿ ಬಿಡಬೇಕೆಂಬುದೂ ತಪ್ಪು. ನಾಲ್ಕು ತೊಳೆ ಹಲಸು ಸಲ್ಲುತ್ತದೆ, ಇಡೀ ಹಣ್ಣನ್ನು ಬಿಡಿಸಿಕೊಂಡು ಕೂರುವುದು ಸಲ್ಲದು. ಹಣ್ಣಿನ ರಸಕ್ಕಿಂತ ಹಣ್ಣೇ ಮೇಲು.

ಬೊಜ್ಜು ಕರಗಿಸುವ ಉಪಾಯಗಳಂತೂ ಹಲವಾರು. ಕರಾವಳಿಯಲ್ಲಿ ಬೆವರಿಗೆ ಬರವಿಲ್ಲ. ಬೆವರಿನಲ್ಲೇ ಕೊಬ್ಬು ಹರಿದುಹೋಗುವುದಾಗಿದ್ದರೆ ನಮ್ಮಲ್ಲಿ ಒಬ್ಬರಿಗೂ ಹೊಟ್ಟೆ ಬರಬಾರದಾಗಿತ್ತು! ಬೆವರಿ ಇಳಿದ ತೂಕ ಒಂದು ತಂಬಿಗೆ ನೀರು ಕುಡಿದರೆ ಮರಳಿ ಬರುತ್ತದೆ. ಹಾಗಾದರೆ ಕರಗಿದ ಕೊಬ್ಬು ಹೋಗುವುದೆಲ್ಲಿಗೆ? 2014ರಲ್ಲಿ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು: 10 ಕಿಲೋ ಕೊಬ್ಬು ಕರಗಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಒಲೆಯ ಸೌದೆ ಉರಿದು ಹೊಗೆಯಾಗುವಂತೆ ಕೊಬ್ಬೂ ಉರಿದೇ ಹೋಗಬೇಕು. ಉರಿಯಬೇಕಾದರೆ ಒಲೆಗೆ ಹೊಸ ಸೌದೆ ಕಡಿಮೆ ಬೀಳಬೇಕು. ಆದುದರಿಂದ ಹೊಟ್ಟೆಗೆ ಕಟ್ಟುವ ಪಟ್ಟಿ, ಉಜ್ಜುವ ಎಣ್ಣೆ, ಬೆಳಿಗ್ಗೆ ಕುಡಿಯುವ ಜೇನು ನಿಂಬೆಯ ಬಿಸಿನೀರು ಇವು ಯಾವುವೂ ಕೊಬ್ಬನ್ನು ಕರಗಿಸಲಾರವು. ತೆಂಗಿನೆಣ್ಣೆ ಬೊಜ್ಜನ್ನು ಕರಗಿಸುತ್ತದೆಂಬುದೂ ಹಾಗೆಯೇ. ತೆಂಗು ನಮ್ಮ ಅಡಿಗೆಯ ಜೀವವೆಂಬುದು ಸರಿ; ಆದರೆ ಯಾವ ಎಣ್ಣೆಯಾದರೂ ಗ್ರಾಂ ಒಂದಕ್ಕೆ 9 ಕ್ಯಾಲೊರಿ. ತೆಂಗಿನೆಣ್ಣೆ ರಕ್ತದ ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದೂ ಉಂಟು. ಬಂಗುಡೆ, ಬೂತಾಯಿಗಳಲ್ಲಿ ಪಿಷ್ಟವಿಲ್ಲ, ಒಳ್ಳೆಯ ಸಸಾರಜನಕವಿದೆ. ಅವನ್ನು ಸಾರಿಗೆ ಹಾಕಿದರೆ ಬಂದ ಗುಣವನ್ನು ರವೆ ಹೊರಳಿಸಿ ಎಣ್ಣೆಯಲ್ಲಿ ಮುಳುಗಿಸಿ ಕಳೆದುಕೊಳ್ಳಬಾರದು.

ಉಪವಾಸದ ವಿಷಯದಲ್ಲಿ ಎಚ್ಚರ ಬೇಕು. ಏಕಾದಶಿಯಾಗಲಿ, ರಂಜಾನಿನ ಉಪವಾಸವಾಗಲಿ, ಇನ್ಸುಲಿನ್ ಅಥವಾ ಸಕ್ಕರೆಯನ್ನು ಬಲವಾಗಿ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಆಚರಿಸಬಾರದು. ಔಷಧ ಎಂದಿನಂತೆ ಸೇರಿ, ಆಹಾರ ಸೇರದಿದ್ದರೆ ಸಕ್ಕರೆ ಅತಿಯಾಗಿ ಕುಸಿಯುತ್ತದೆ. ಕೈನಡುಕ, ತಣ್ಣನೆ ಬೆವರು, ಎದೆಬಡಿತ, ತಡೆಯಲಾಗದ ಹಸಿವು, ಮಾತು ತೊದಲುವುದು ಇದರ ಲಕ್ಷಣಗಳು. ಅಂಥ ವೇಳೆ ಸಕ್ಕರೆಯೇ ಔಷಧ. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕೂಡಲೇ ಕುಡಿಸಬೇಕು. ಕಾಲುಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಮಧುಮೇಹಿಗೆ ಸಕ್ಕರೆ ಕೊಡಬಾರದೆಂದು ಮನೆಯವರು ಆ ಗಳಿಗೆಯಲ್ಲಿ ಹಿಂಜರಿದರೆ ಪ್ರಾಣಕ್ಕೇ ಅಪಾಯ.

ಈಗ ಗಿಡಮೂಲಿಕೆಯ ಮಾತು. ಕರಾವಳಿಯ ಎಷ್ಟೋ ಅಂಗಳಗಳಲ್ಲಿ ಇನ್ಸುಲಿನ್ ಗಿಡವೆಂಬುದೊಂದು ಬೆಳೆದಿದೆ. ಜನ ಇಟ್ಟ ಹೆಸರು ಅದು. ಎಲೆಯಲ್ಲಿ ನಿಜವಾದ ಇನ್ಸುಲಿನ್ನೇ ಇದ್ದಿದ್ದರೂ ಅಗಿದು ನುಂಗಿದವರಿಗೆ ಅದರಿಂದ ಪ್ರಯೋಜನವಾಗುತ್ತಿರಲಿಲ್ಲ. ಇನ್ಸುಲಿನ್ ಒಂದು ಸಸಾರಜನಕ, ಬೇಳೆಯಂತೆ ಅದೂ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ಅದನ್ನು ಸೂಜಿಯಲ್ಲಿ ಚುಚ್ಚುವುದು ಈ ಕಾರಣಕ್ಕೇ. ಹಾಗಲಕಾಯಿ, ಮೆಂತ್ಯಗಳನ್ನು ಆಹಾರವಾಗಿ ತಿನ್ನುವುದು ಒಳ್ಳೆಯದೇ. ಮೆಂತ್ಯದ ನಾರು ಸಕ್ಕರೆ ಏರುವುದನ್ನು ತುಸು ನಿಧಾನಿಸುತ್ತದೆ. ಆದರೆ ಅವು ಔಷಧದ ಜಾಗದಲ್ಲಿ ನಿಲ್ಲಬಲ್ಲುವೆಂದು ಯಾವ ಪರೀಕ್ಷೆಯೂ ತೋರಿಸಿಲ್ಲ. ಗಿಡದ ಮದ್ದೇ ಬೇಕೆನ್ನುವವರಿಗೆ ಒಂದು ಸಂಗತಿ ಹೇಳಬೇಕು. ಇಂದು ಎರಡನೆಯ ಬಗೆಯ ಮಧುಮೇಹಕ್ಕೆ ಎಲ್ಲೆಡೆಯೂ ಮೊದಲಿಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಒಂದು ಗಿಡವೇ. ಯುರೋಪಿನ ಗಲೇಗಾ ಎಂಬ ಸಸ್ಯದಲ್ಲಿದ್ದ ವಸ್ತುವಿನ ಜಾಡು ಹಿಡಿದು ರಸಾಯನಶಾಸ್ತ್ರಜ್ಞರು ಅದನ್ನು ಕಂಡುಕೊಂಡರು. 1957ರಲ್ಲಿ ಜಾನ್ ಸ್ಟೆರ್ನ್ ಎಂಬ ಫ್ರೆಂಚ್ ವೈದ್ಯರು ಮಧುಮೇಹಿಗಳ ಮೇಲಿನ ಪ್ರಯೋಗದ ಫಲವನ್ನು ಪ್ರಕಟಿಸಿದರು. ವ್ಯತ್ಯಾಸ ಇಷ್ಟೆ: ಮಾತ್ರೆಯಲ್ಲಿ ಪ್ರಮಾಣ ಗೊತ್ತು, ಗುಣ ಗೊತ್ತು, ದೋಷವೂ ಗೊತ್ತು.

ಮಾತ್ರೆಯಿಂದ ಕಿಡ್ನಿ ಕೆಡುತ್ತದೆಂಬ ನಂಬಿಕೆ ಹುಟ್ಟಿದ್ದು ಹೇಗೆಂದು ಊಹಿಸಬಹುದು. ಹತ್ತು ವರ್ಷ ಮಾತ್ರೆ ತಿಂದವರ ಕಿಡ್ನಿ ಕೆಟ್ಟದ್ದನ್ನು ಜನ ಕಂಡರು. ಮಾತ್ರೆ ಕಣ್ಣಿಗೆ ಕಾಣುವ ವಸ್ತು, ರಕ್ತದ ಸಕ್ಕರೆ ಕಾಣದ ವಸ್ತು. ಕಂಡದ್ದರ ಮೇಲೆ ತಪ್ಪು ಹೊರಿಸಿದರು. ವಾಸ್ತವವಾಗಿ ಕಿಡ್ನಿ, ಕಣ್ಣಿನ ಪಟಲ, ಪಾದದ ನರಗಳು ಇವುಗಳ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುವುದು ವರ್ಷಗಟ್ಟಲೆ ಏರಿಯೇ ಇದ್ದ ಸಕ್ಕರೆ ಮತ್ತು ರಕ್ತದೊತ್ತಡ. ಕಿಡ್ನಿ ಮೊದಲೇ ದುರ್ಬಲವಾಗಿದ್ದರೆ ಕೆಲವು ಮಾತ್ರೆಗಳ ಪ್ರಮಾಣವನ್ನು ಇಳಿಸಬೇಕಾಗುವುದು, ಕೆಲವನ್ನು ಬದಲಿಸಬೇಕಾಗುವುದು ನಿಜ. ಅದನ್ನು ರಕ್ತ ಪರೀಕ್ಷೆ ನೋಡಿ ವೈದ್ಯರು ಮಾಡಬೇಕೇ ಹೊರತು ಬಸ್ ನಿಲ್ದಾಣದ ಗೆಳೆಯರಲ್ಲ. ಒಂದನೆಯ ಬಗೆಯ ರೋಗವಿರುವ ಮಕ್ಕಳ ಇನ್ಸುಲಿನ್ ನಿಲ್ಲಿಸುವುದಂತೂ ಕೆಲವೇ ದಿನಗಳಲ್ಲಿ ಮೃತ್ಯುವನ್ನು ಕರೆದಂತೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕ ಮೊದಲ ಬಾರಿಗೆ ಇನ್ಸುಲಿನ್ ಪಡೆದು ಬದುಕಿದ. ಅದಕ್ಕೆ ಮೊದಲು ಅಂಥ ಮಕ್ಕಳಿಗೆ ಕಟ್ಟುನಿಟ್ಟಿನ ಪಥ್ಯವೊಂದೇ ಗತಿಯಾಗಿತ್ತು. ಅವರು ಎಲುಬಿನ ಹಂದರವಾಗಿ ಸಾಯುತ್ತಿದ್ದರು.

ಪರೀಕ್ಷೆಗೆ ಎರಡು ದಿನ ಮೊದಲು ಮಾತ್ರ ಪಥ್ಯ ಹಿಡಿಯುವ ಜಾಣತನವೂ ನಮ್ಮಲ್ಲಿ ಹೊಸದಲ್ಲ. ಬೆಳಗಿನ ಬರಿಹೊಟ್ಟೆಯ ಸಕ್ಕರೆ 100 ಮಿಲಿಗ್ರಾಮಿನ ಒಳಗಿದ್ದರೆ ಸರಿ. 126 ಮುಟ್ಟಿ, ಮತ್ತೆ ಪರೀಕ್ಷಿಸಿದಾಗಲೂ ಹಾಗೆಯೇ ಇದ್ದರೆ ಮಧುಮೇಹ. ಎರಡು ದಿನದ ಪಥ್ಯದಿಂದ ಈ ಅಂಕಿ ಇಳಿದೀತು. ಆದರೆ ಎಚ್‌ಬಿಎ1ಸಿ ಎಂಬ ಪರೀಕ್ಷೆಯನ್ನು ವಂಚಿಸಲಾಗದು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅಷ್ಟು ದಿನವೂ ಅದಕ್ಕೆ ಅಂಟಿದ ಸಕ್ಕರೆಯನ್ನು ಈ ಪರೀಕ್ಷೆ ಅಳೆಯುತ್ತದೆ. ಮೂರು ತಿಂಗಳ ಹಿಂದಿನ ಮದುವೆಯ ಹೋಳಿಗೆಯೂ ಅದರ ಖಾತೆಯಲ್ಲಿ ಬರೆದಿರುತ್ತದೆ.

ಇಷ್ಟೆಲ್ಲ ಬೇಡಗಳನ್ನು ಹೇಳಿದ ಮೇಲೆ ಬೇಕಾದುದನ್ನೂ ಹೇಳಬೇಕಲ್ಲವೆ? ಅದು ಬಹಳವಿಲ್ಲ, ದುಬಾರಿಯೂ ಅಲ್ಲ. ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ನಮ್ಮ ಆಹಾರದ ಶಕ್ತಿಯಲ್ಲಿ ಧಾನ್ಯಗಳ ಪಾಲು ನೂರಕ್ಕೆ 45ನ್ನು ಮೀರಬಾರದು. ಈಗ ಅದು 50ರಿಂದ 70ರವರೆಗೂ ಇದೆ. ಇದನ್ನು ಅಡಿಗೆಮನೆಯ ಭಾಷೆಯಲ್ಲಿ ಹೇಳುವುದಾದರೆ ಬಟ್ಟಲಿನ ಅರ್ಧಕ್ಕೆ ಬಸಳೆ, ಹೀರೆ, ಅಲಸಂಡೆ, ಸೌತೆ ಮೊದಲಾದ ತರಕಾರಿ. ಕಾಲುಭಾಗಕ್ಕೆ ಹುರುಳಿ, ಹೆಸರು, ಮೀನು ಅಥವಾ ಮೊಟ್ಟೆ. ಉಳಿದ ಕಾಲುಭಾಗಕ್ಕೆ ಅನ್ನ. ಅನ್ನವನ್ನು ಒಂದು ಗೊತ್ತಾದ ಬಟ್ಟಲಿನಲ್ಲಿ ಅಳೆದು ಒಂದೇ ಸಲ ಬಡಿಸಿಕೊಳ್ಳಬೇಕು. ಮೊದಲು ಪಲ್ಯ, ಮೀನು, ಕಾಳು ತಿಂದು ಆಮೇಲೆ ಅನ್ನಕ್ಕೆ ಕೈಹಾಕಿದರೆ ಸಕ್ಕರೆ ಏರುವುದೂ ನಿಧಾನ.

ಇದರೊಡನೆ ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆ. ಹೆದ್ದಾರಿಯ ವಾಹನಗಳಿಗೆ ಅಂಜುವವರಿಗೆ ಸೋಮೇಶ್ವರದ ಮರಳದಂಡೆ ಇದೆ. ಮಳೆಗಾಲದಲ್ಲಿ ಮನೆಯ ಜಗಲಿಯೇ ಸಾಕು. ನಡೆಯುವ ಮಾಂಸಖಂಡ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ರಂಪಣಿ ಎಳೆದ ರಟ್ಟೆಗಳು ಮಾಡುತ್ತಿದ್ದುದೂ ಅದನ್ನೇ. ಇಷ್ಟರಿಂದ ಏನಾದೀತು ಎನ್ನಬೇಡಿ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದವರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮ್ಮನೆ ಬಿಟ್ಟವರಲ್ಲಿ ನೂರಕ್ಕೆ 55 ಮಂದಿಗೆ ರೋಗ ಬಂತು. ಊಟ, ನಡಿಗೆಗಳನ್ನು ತಿದ್ದಿಕೊಂಡವರಲ್ಲಿ 39 ಮಂದಿಗೆ. ರೋಗ ಬಂದು ಕೆಲವೇ ವರ್ಷಗಳಾದವರಿಗೂ ಆಶೆಯುಂಟು. ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವೈದ್ಯರ ಕಣ್ಗಾವಲಿನಲ್ಲಿ ಕಟ್ಟುನಿಟ್ಟಾಗಿ ತೂಕ ಇಳಿಸಿಕೊಂಡ ಎರಡನೆಯ ಬಗೆಯ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಒಂದು ವರ್ಷದ ಕೊನೆಗೆ ಮಾತ್ರೆಯ ಹಂಗಿಲ್ಲದೆ ಸಕ್ಕರೆಯನ್ನು ಹದದಲ್ಲಿಟ್ಟುಕೊಂಡರು. ಅವರು ತಾವಾಗಿಯೇ ಮಾತ್ರೆ ಬಿಟ್ಟದ್ದಲ್ಲ, ವೈದ್ಯರು ಹೇಳಿದಂತೆ, ಅವರ ಕಣ್ಗಾವಲಿನಲ್ಲೇ ಮಾತ್ರೆ ನಿಲ್ಲಿಸಿ ತೂಕ ಇಳಿಸಿದರು. ಈ ಅಂತರವನ್ನು ಮರೆಯಬಾರದು.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಮಗೆಲ್ಲರಿಗೂ ಬಾಯಿಪಾಠ. ಯಾವ ಪದಾರ್ಥ ತಿನ್ನಬೇಕೆಂಬ ತಿಳಿವಳಿಕೆ ಅದರ ಅರ್ಧ ಮಾತ್ರ. ಎಷ್ಟು ಉಣ್ಣಬೇಕು, ಉಂಡದ್ದಕ್ಕೆ ತಕ್ಕಂತೆ ಎಷ್ಟು ದುಡಿಯಬೇಕು ಎಂಬುದು ಉಳಿದರ್ಧ. ನಾಳೆ ನಿಮ್ಮ ಮನೆಯಲ್ಲಿ ಅನ್ನಕ್ಕೆ ಒಂದು ಅಳತೆಯ ಬಟ್ಟಲನ್ನು ಗೊತ್ತುಮಾಡಿ, ಗೋಡೆಗೆ ಒಂದು ಅಳತೆಪಟ್ಟಿಯನ್ನು ತೂಗುಹಾಕಿ. 30 ವರ್ಷ ದಾಟಿದವರೆಲ್ಲ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಲೇಖನವನ್ನು ಓದಿಯೂ ಅದನ್ನು ನಿಲ್ಲಿಸಬೇಡಿ. ಬದಲಾಯಿಸುವುದಿದ್ದರೆ ವೈದ್ಯರೊಡನೆ ಕುಳಿತು ಮಾತನಾಡಿದ ಮೇಲೆಯೇ ಬದಲಾಯಿಸಿ.